ಗಂಡನ ಹೆಸರು ಹೇಳಿಸುತ್ತಿದ್ದ ಬಾವಿ

ನಾನು ಆ ಬಾವಿಯ ಮೆಟ್ಟಿಲು ಇಳಿದದ್ದು ನಿಜ. ಎಷ್ಟು ಮೆಟ್ಟಿಲು ಎಂಬ ಬಗ್ಗೆ ಮಾತ್ರ ನಮ್ಮ ಮನೆಯಲ್ಲಿ ಎರಡು ಪಕ್ಷಗಳಿವೆ. ನನ್ನ ಲೆಕ್ಕದಲ್ಲಿ ನಲವತ್ತು. ನನ್ನ ಹೆಂಡತಿ ಗಿರಿಜೆಯ ಲೆಕ್ಕದಲ್ಲಿ ಹತ್ತು, ಅದೂ ಗೋಡೆ ಹಿಡಿದುಕೊಂಡು. ಅಂದು ನಾನು ಧೋತರ ಉಟ್ಟಿದ್ದೆನೋ ಪ್ಯಾಂಟು ತೊಟ್ಟಿದ್ದೆನೋ ಅದೂ ಇತ್ಯರ್ಥವಾಗಿಲ್ಲ. ಎಪ್ಪತ್ತರ ದಶಕದ ನಡುವಿನ ಯಾವುದೋ ವರ್ಷ. ಯಾವ ವರ್ಷ ಎಂದು ಕೇಳಿದರೆ ಗಿರಿಜಾ "ನಮ್ಮ ಲಗ್ನಾದ ವರ್ಷ" ಎನ್ನುತ್ತಾಳೆ. ಅದಾದರೂ ಯಾವುದು ಎಂದು ಕೇಳುವ ಧೈರ್ಯ ನನಗಿಲ್ಲ.

ಧಾರವಾಡದಲ್ಲಿ ಸಮಾಜಶಾಸ್ತ್ರದ ಎಂ.ಎ. ಓದುವಾಗ ನಮ್ಮ ಗುರುಗಳು ಕಲಿಸಿದ ಮೊದಲ ಪಾಠ ಇದು: ಸಾಕ್ಷಿ ಹೇಳುವವನನ್ನು ನಂಬುವ ಮೊದಲು ಅವನು ಎಲ್ಲಿ ನಿಂತು ನೋಡಿದ ಎಂದು ಕೇಳು. ಈ ಪ್ರಸಂಗದಲ್ಲಿ ನಾನು ಬಾವಿಯ ಒಳಗಿದ್ದೆ, ಗಿರಿಜಾ ದಂಡೆಯ ಮೇಲಿದ್ದಳು. ಶಾಸ್ತ್ರದ ಪ್ರಕಾರ ಅವಳ ಮಾತಿಗೇ ತೂಕ ಹೆಚ್ಚು. ಆದರೆ ಶಾಸ್ತ್ರ ಓದಿದವನು ನಾನಲ್ಲವೇ?

ಇದೆಲ್ಲ ಮತ್ತೆ ಎದ್ದು ಕೂತದ್ದು ನಮ್ಮ ಓಣಿಯ ಇಸ್ತ್ರಿಯವನಿಂದ. ಅವನು ನನ್ನ ಕೋಟು ತಿರುಗಿ ಕೊಡುವಾಗ ಜೊತೆಗೊಂದು ಸಣ್ಣ ಕಾಗದದ ಚೀಲವನ್ನೂ ಕೊಟ್ಟ. ಅದರಲ್ಲಿ ಒಂದು ಮುಷ್ಟಿ ಶೇಂಗಾ ಸಿಪ್ಪೆ, ಮುರುಟಿದ ಕಿತ್ತಳೆ ಸಿಪ್ಪೆ ಎರಡು, ಹುಣಸೆ ಬೀಜ ಒಂದು.

"ಕಿಸೆದಾಗ ಇದ್ದೂರಿ ಸರ್. ಔಷಧ ಇರಬೇಕಂತ ಚೆಲ್ಲಲಿಲ್ರಿ," ಎಂದ.

ಔಷಧವಲ್ಲ, ರೋಗ. ನಲವತ್ತು ಐವತ್ತು ವರ್ಷಗಳಿಂದ ನನಗೆ ಸಿಪ್ಪೆಯನ್ನು ನೆಲಕ್ಕೆ ಹಾಕಲು ಆಗುವುದಿಲ್ಲ. ಬಸ್ಸಿನಲ್ಲಿ, ಮದುವೆಮನೆಯಲ್ಲಿ, ಸಭೆಯಲ್ಲಿ, ಎಲ್ಲಿ ಏನು ತಿಂದರೂ ಸಿಪ್ಪೆ ನನ್ನ ಕಿಸೆಗೇ. ಇದನ್ನು ಕಂಡ ಜನ ನನ್ನನ್ನು ಪರಿಸರಪ್ರೇಮಿ ಎಂದು ತಿಳಿದಿದ್ದಾರೆ. ಒಂದು ಶಾಲೆಯವರಂತೂ ಕರೆದು ಶಾಲು ಹೊದಿಸಿ, ಮಕ್ಕಳ ಮುಂದೆ ನನ್ನ ಎರಡೂ ಕಿಸೆಗಳನ್ನು ಬರಿದು ಮಾಡಿಸಿ ತೋರಿಸಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಕೈಮುಗಿದೆ. ಇದು ಪ್ರೇಮವಲ್ಲ, ಅಂಜಿಕೆ ಎಂದು ಹೇಳುವ ಪ್ರಾಮಾಣಿಕತೆ ಶಾಲಿನ ಕೆಳಗೆ ಸಿಕ್ಕಿಕೊಂಡಿತ್ತು.

ತಿಕೋಟಾದ ನಮ್ಮ ಮನೆಯಲ್ಲಿ ಕಸ ಎಂಬುದೇ ಇರಲಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಆಯಿ ಬಿಡುತ್ತಿರಲಿಲ್ಲ. ಆಯಿ ಎಂದರೆ ನಮ್ಮ ಅಪ್ಪನ ತಾಯಿ. ಶೇಂಗಾ ಸಿಪ್ಪೆ ಒಲೆಗೆ, ಒಲೆಯ ಬೂದಿ ಪಾತ್ರೆಗೆ, ಪಾತ್ರೆ ತೊಳೆದ ನೀರು ಹಿತ್ತಲ ನುಗ್ಗೆ ಗಿಡಕ್ಕೆ, ನುಗ್ಗೆ ತಿರುಗಿ ಪಾತ್ರೆಗೆ. ಈ ಚಕ್ರದಲ್ಲಿ ಒಂದು ಸಿಪ್ಪೆ ಜಾರಿ ಅಂಗಳಕ್ಕೆ ಬಿದ್ದರೂ ಆಯಿ ಅದನ್ನು ಎತ್ತಿ ಕಣ್ಣಿಗೆ ಹಿಡಿಯುತ್ತಿದ್ದಳು. ನಾನು ಶೇಂಗಾ ಕಾಯಿಯ ಮೂಗನ್ನು ಹಲ್ಲಿನಿಂದ ಕಚ್ಚಿ ಒಡೆಯುತ್ತಿದ್ದೆ. ನನ್ನ ಅಣ್ಣ ಬೆನ್ನಿನ ಮೇಲೆ ಹೆಬ್ಬೆರಳು ಒತ್ತಿ ಒಡೆಯುತ್ತಿದ್ದ. ಅಪ್ಪ ಎರಡು ಅಂಗೈ ನಡುವೆ ತಿಕ್ಕುತ್ತಿದ್ದರು. ಆಯಿಗೆ ಸಿಪ್ಪೆ ನೋಡಿದರೆ ಸಾಕು.

"ಇದು ಗುರ್ಯಾಂದು. ಬಾರಲೇ ಇಲ್ಲೆ, ನಿನ್ನ ಹಲ್ಲ ಇಲ್ಲೇ ಬಿಟ್ಟ ಹೋಗಿ ನೋಡು."

ಗುರ್ಯಾ ಎಂದರೆ ನಾನು. ಹಾಗೆ ನಮ್ಮ ಮನೆಯಲ್ಲಿ ಪ್ರತಿ ಸಿಪ್ಪೆಗೂ ಒಬ್ಬ ಒಡೆಯನಿದ್ದ, ಅವನಿಗೊಂದು ಹೆಸರಿತ್ತು.

ಆದರೆ ಇದೇ ನಾವು ತಿಕೋಟಾದ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿದೆವೋ, ಬೇರೆಯೇ ಜನವಾಗಿಬಿಡುತ್ತಿದ್ದೆವು. ವಿಜಾಪುರ ಮುಟ್ಟುವಷ್ಟರಲ್ಲಿ ಬಸ್ಸಿನ ನೆಲ ರಾಶಿ ಎತ್ತಿದ ಮೇಲಿನ ಕಣದಂತೆ ಆಗಿರುತ್ತಿತ್ತು. ಕಬ್ಬಿನ ಸಿಪ್ಪೆ, ಬಾಳೆ ಸಿಪ್ಪೆ, ಎಲೆ ಅಡಿಕೆಯ ತೊಟ್ಟು, ಎಲ್ಲದರ ಮೇಲೆ ನಮ್ಮ ಮನೆಯ ಶೇಂಗಾ. ಅಪ್ಪ, ಅಣ್ಣ, ನಾನು, ಮೂವರೂ ಧಾರಾಳವಾಗಿ ಚೆಲ್ಲುತ್ತಿದ್ದೆವು. ಬಸ್ಸಿನಲ್ಲಿ ಆಯಿ ಇರಲಿಲ್ಲ. ಅಲ್ಲಿ ಸಿಪ್ಪೆಗೆ ಹೆಸರಿರಲಿಲ್ಲ. ಊರ ಗಡಿ ದಾಟಿದ ಮನುಷ್ಯ ಯಾರ ಮಗನೂ ಅಲ್ಲ, ಯಾರ ಗಂಡನೂ ಅಲ್ಲ, ಬರೀ ಟಿಕೀಟು.

ಇಷ್ಟನ್ನು ಬರೆದುಕೊಟ್ಟಿದ್ದರೆ ನನಗೆ ಒಂದು ಪದವಿ ಸಿಗಬಹುದಾಗಿತ್ತು. ಆದರೆ ಆಗ ಇದು ನನಗೆ ಹೊಳೆದಿರಲಿಲ್ಲ. ನಾನು ಓದಿದವನು.

ಎಂ.ಎ. ಮುಗಿದ ಮೇಲೆ ಗುರುಗಳು ನನ್ನ ಕೈಗೆ ಒಂದು ಪ್ರಶ್ನಾವಳಿ ಕೊಟ್ಟರು. ಪ್ರವಾಸಿಗರು ತಾವು ನೋಡಹೋದ ಜಾಗವನ್ನು ಯಾಕೆ ಹೊಲಸು ಮಾಡುತ್ತಾರೆ, ಯಾವಾಗ ಮಾಡುವುದಿಲ್ಲ ಎಂಬುದು ವಿಷಯ. ಮೂವತ್ತೆರಡು ಪ್ರಶ್ನೆಗಳು, ಸೈಕ್ಲೋಸ್ಟೈಲ್ ಮಾಡಿಸಿದ ದಪ್ಪ ಕಟ್ಟು. ವರದಿ ಚೆನ್ನಾಗಿ ಬಂದರೆ ಮುಂದಿನ ಸಂಶೋಧನೆಗೆ ಸೇರಿಸಿಕೊಳ್ಳುವ ಆಸೆಯನ್ನೂ ತೋರಿಸಿದರು. ಏಳನೆಯ ಪ್ರಶ್ನೆ ನನಗೆ ಇನ್ನೂ ಬಾಯಿಪಾಠ: "ಕಸದ ಡಬ್ಬಿ ಇದ್ದಲ್ಲಿ ತಾವು ಅದನ್ನು ಬಳಸುವಿರಾ?" ಎಲ್ಲರೂ ಹೌದು ಎಂದೇ ಬರೆದರು. ಒಬ್ಬ ಗೃಹಸ್ಥರಂತೂ ನನ್ನ ಪೆನ್ನು ಇಸಿದುಕೊಳ್ಳಲು ಕೈ ಖಾಲಿ ಬೇಕೆಂದು ಬಾಳೆ ಸಿಪ್ಪೆಯನ್ನು ನನ್ನ ಕಾಲಬುಡಕ್ಕೇ ಹಾಕಿ, ಹೌದು ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದರು.

ವಿಜಾಪುರದ ಗೋಳಗುಂಬಜಿನ ಬಳಿ ಯಾರೂ ನಿಂತು ಉತ್ತರ ಕೊಡುತ್ತಿರಲಿಲ್ಲ. ಅಲ್ಲಿ ಎಲ್ಲರಿಗೂ ಮೇಲೆ ಹತ್ತಿ ಕೂಗುವ ಅವಸರ. ಜನ ಸಿಗುವುದು ಬುತ್ತಿ ಬಿಚ್ಚುವಲ್ಲಿ ಎಂದು ಕಂಡುಕೊಂಡು, ನಾನು ಅಥಣಿ ರಸ್ತೆಯ ಕಡೆಗಿದ್ದ ಒಂದು ಹಳೆಯ ಬಾವಿಯ ಬಳಿ ಠಿಕಾಣಿ ಹೂಡಿದೆ. ದೊಡ್ಡ ಹೆಸರಿನ ಬಾವಡಿ ಅಲ್ಲ ಅದು. ನಾಲ್ಕು ಬದಿ ಕಲ್ಲಿನ ದಂಡೆ, ಒಂದು ಬದಿಯಿಂದ ನೀರಿಗೆ ಇಳಿಯುವ ಮೆಟ್ಟಿಲು, ಮೇಲೆ ಎರಡು ಬೇವಿನ ಮರದ ನೆರಳು. ನೀರು ಸಿಹಿ. ಗುಂಬಜು ನೋಡಿದ ಮಂದಿ ಊಟಕ್ಕೆ ಇಲ್ಲಿಗೇ ಬರುತ್ತಿದ್ದರು.

ಬಾವಿಯನ್ನು ನೋಡಿಕೊಳ್ಳುತ್ತಿದ್ದವನು ಹುಸೇನಸಾಬ, ಜೋರಾಪುರ ಪೇಟೆಯವನು. ಅವನ ಹೆಂಡತಿ ಹಾಜರಾಬಿ ಬೇವಿನ ಬುಡದಲ್ಲಿ ಮೂರು ಮಣ್ಣಿನ ಹರವಿಗಳಲ್ಲಿ ನೀರಿಟ್ಟುಕೊಂಡು ಬಂದವರಿಗೆ ಕುಡಿಯಲು ಕೊಡುತ್ತಿದ್ದಳು. ಹುಸೇನಸಾಬ ಎಷ್ಟು ಮೆತ್ತಗಿನ ಮನುಷ್ಯನೆಂದರೆ, ಕಸ ಚೆಲ್ಲಿದವರನ್ನು ಗದರಿಸಬೇಕೆಂದು ಅವನು ಮೂರು ಸಲ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವರು ಊರು ಮುಟ್ಟಿರುತ್ತಿದ್ದರು. ಕಸ ಹಾಕಬಾರದು ಎಂದು ಮೂರು ಲಿಪಿಯಲ್ಲಿ ಬರೆದ ಒಂದು ಫಲಕವಿತ್ತು. ಎಲ್ಲಕ್ಕಿಂತ ಹೆಚ್ಚು ಸಿಪ್ಪೆ ಇರುತ್ತಿದ್ದದ್ದು ಅದರ ಬುಡದಲ್ಲಿ. ಫಲಕಕ್ಕೆ ನೆರಳಿತ್ತಲ್ಲ, ಜನ ಅಲ್ಲೇ ಕೂಡುತ್ತಿದ್ದರು.

ನಾನು ಹೋದಾಗ ಒಂದು ಬೇವಿನ ಮರಕ್ಕೆ ಕಬ್ಬಿಣದ ಜಾಳಿಗೆಯ ದೊಡ್ಡ ದೊಡ್ಡ ಹೋಳುಗಳನ್ನು ಆನಿಸಿ ಇಟ್ಟಿದ್ದರು. ಬಾವಿಯ ದಂಡೆಯ ಕಲ್ಲುಗಳ ಮೇಲೆ ಸುತ್ತಲೂ, ಗೇಣಿಗೊಂದರಂತೆ, ಕೆಂಪು ಬಣ್ಣದ ಚುಕ್ಕೆಗಳು. ಏನು ಎಂದು ಕೇಳಿದೆ.

"ತೂತ ಕೊರಿಯೂ ಜಾಗಾರಿ ಅವು," ಎಂದ ಹುಸೇನಸಾಬ. "ಸಾಹೇಬ್ರು ಬಂದಿದ್ರು. ನೀರ ಮ್ಯಾಲ ಬರೇ ಸಿಪ್ಪಿ ತೇಲತಾವ, ಮುಚ್ಚಿ ಕೀಲಿ ಹಾಕಿಬಿಡೂಣು ಅಂದ್ರು. ಮುಂದಿನ ತಿಂಗಳ ಮದಲನೇ ಸೋಮವಾರ ಬರ್ತಾರ. ಅವತ್ತ ನೀರ ತಿಳಿ ಇದ್ರ ಬಿಡ್ತಾರಂತ. ಇಲ್ಲಂದ್ರ ತೂತ ಕೊರದು ಈ ಜಾಳಗಿಗೆ ಬೋಲ್ಟು."

"ಬಾವಿಗೆ ಕೀಲಿ ಬಿದ್ರ ನಮ್ಮ ಹರವಿಗೂ ಬಿತ್ತ ನೋಡ್ರಿ," ಎಂದು ಹಾಜರಾಬಿ ಸೇರಿಸಿದಳು. "ಇವರಿಗೆ ಬಾವಿ ಬಿಟ್ರ ಬ್ಯಾರೆ ಕೆಲಸ ಬರೂದಿಲ್ಲ. ನನಗ ಮಾತ ಬಿಟ್ರ ಬ್ಯಾರೆ ಕೆಲಸ ಬರೂದಿಲ್ಲ."

ಅವಳ ಆ ಕೆಲಸವನ್ನು ನಾನು ಮರುದಿನವೇ ಕಂಡೆ.

ಕಾಖಂಡಕಿಯಿಂದ ಒಂದು ದೊಡ್ಡ ಬಳಗ ಬಂದಿತ್ತು. ಹೊಸದಾಗಿ ಮದುವೆಯಾದ ಜೋಡಿಗೆ ಗುಂಬಜು ತೋರಿಸುವ ನೆವದಲ್ಲಿ ಹದಿನೈದು ಜನ. ಉಂಡರು, ಕಿತ್ತಳೆ ಸುಲಿದರು. ಮದುಮಗ ದಂಡೆಯ ಮೇಲೆ ಕೂತು ಸಿಪ್ಪೆಗಳನ್ನು ಒಂದೊಂದಾಗಿ ನೀರಿಗೆ ಗುರಿಯಿಟ್ಟು ಒಗೆಯತೊಡಗಿದ. ಹುಸೇನಸಾಬ ಗಂಟಲು ಸರಿಮಾಡಿಕೊಂಡ. ಹಾಜರಾಬಿ ತಂಬಿಗೆಯಲ್ಲಿ ನೀರು ತುಂಬಿಕೊಂಡು ನೇರವಾಗಿ ಹೆಂಗಸರ ಗುಂಪಿಗೇ ಹೋದಳು. ಗಂಡಸರ ಕಡೆ ನೋಡಲೂ ಇಲ್ಲ.

"ಯವ್ವಾ, ಆ ಹಳದಿ ಸಿಪ್ಪಿ ಒಗ್ಯಾಕತ್ತಾರಲ್ಲ, ಅವರು ಯಾರ ಮನಿಯವರು?"

"ನಮ್ಮ ಹೊಸಾ ಸೊಸಿ ಗಂಡ ಬೇ," ಎಂದಿತು ಒಂದು ಮುದುಕಿ.

"ಹೌದಾ? ಹಂಗಾರ ಅವರ ಹೆಸರೇನ ತಂಗಿ?"

ಮದುಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬರೀ ಬಾಯಲ್ಲಿ ಹೇಳುವಂತಿಲ್ಲ; ಹೇಳಲೇಬೇಕಾದರೆ ಪದ ಕಟ್ಟಿ, ಪ್ರಾಸ ಹೊಂದಿಸಿ, ಒಡಪಿನೊಳಗೆ ಸುತ್ತಿ ಹೇಳಬೇಕು. ಹೊಸ್ತಿಲ ಮೇಲೆ, ಸೀಮಂತದಲ್ಲಿ, ಆರತಿಯ ಮುಂದೆ, ಎಲ್ಲಿ ನಾಲ್ಕು ಹೆಂಗಸರು ಕೂಡಿದರೂ ಹೊಸ ಸೊಸೆಯನ್ನು ಹಿಡಿದು ಹೇಳಿಸುವುದು ವಾಡಿಕೆ. ಹಾಜರಾಬಿ ಈ ವಾಡಿಕೆಯನ್ನು ಬಾವಿಯ ದಂಡೆಗೆ ತಂದಿದ್ದಳು, ಅಷ್ಟೆ.

"ಹೇಳ, ಹೇಳ," ಎಂದರು ಎಲ್ಲರೂ. "ಸಿಪ್ಪಿ ಸೇರಿಸಿ ಹೇಳ!"

ಹುಡುಗಿ ಒಂದು ನಿಮಿಷ ಯೋಚಿಸಿದಳು. ಅಷ್ಟರಲ್ಲಿ ಮದುಮಗನಿಗೆ ಸುಳಿವು ಹತ್ತಿತು. ಗಂಡನ ಹೆಸರಿನ ಜೊತೆ ಬಂಗಾರ, ಮುತ್ತು, ಮಲ್ಲಿಗೆ ಸೇರಿಸುವುದನ್ನು ಅವನು ಕೇಳಿದ್ದ. ಸಿಪ್ಪೆಯ ಜೊತೆ ಸೇರಿದರೆ ಆ ಒಡಪು ಅವನಿಗಿಂತ ಮೊದಲು ಕಾಖಂಡಕಿ ಮುಟ್ಟುತ್ತದೆ, ಅವನ ಮಕ್ಕಳ ಮದುವೆಯವರೆಗೂ ಉಳಿಯುತ್ತದೆ. ಅವಳು ಬಾಯಿ ತೆರೆಯುವಷ್ಟರಲ್ಲಿ ಅವನು ಹೆಗಲ ಟವೆಲ್ಲು ಕೈಗೆ ತೆಗೆದುಕೊಂಡು ಮೆಟ್ಟಿಲಿಳಿದಿದ್ದ. ಒಂದೊಂದು ಸಿಪ್ಪೆಯನ್ನೂ ಆರಿಸಿ ತಂದ.

ಇದಕ್ಕಿಂತ ದೊಡ್ಡದು ಅದರ ಬೆನ್ನಿಗೆ ನಡೆದದ್ದು. ಆಚೆ ಮರದ ಕೆಳಗೆ ಬೇರೆ ಊರಿನ ಮೂರು ಸಂಸಾರಗಳು ಊಟ ಮಾಡುತ್ತಿದ್ದವು. ಆ ಗಂಡಸರಿಗೆ ಯಾರೂ ಏನೂ ಹೇಳಲಿಲ್ಲ. ಆದರೆ ತಮ್ಮ ಹೆಂಡಂದಿರ ಮುಖದ ಮೇಲೆ ಒಂದು ತೆಳು ನಗೆ ಮೂಡಿದ್ದನ್ನು ಅವರು ಕಂಡರು. ಒಬ್ಬ ಸಿಪ್ಪೆಯನ್ನು ಟೊಪ್ಪಿಗೆಯಲ್ಲಿ ತುಂಬಿಕೊಂಡ. ಇನ್ನೊಬ್ಬ ಜೇಬಿಗೆ ಹಾಕಿಕೊಂಡ. ಮೂರನೆಯವನು ತಿಂದೇಬಿಟ್ಟ ಎಂದು ನನ್ನ ನೆನಪು; ಇದನ್ನು ನೀವು ನಂಬಬೇಕಾಗಿಲ್ಲ.

ನಾನು ನನ್ನ ಪ್ರಶ್ನಾವಳಿಯನ್ನು ತೆರೆದು ನೋಡಿದೆ. ಮೂವತ್ತೆರಡು ಪ್ರಶ್ನೆಗಳಲ್ಲಿ ಎಲ್ಲಿಯೂ ಹೆಂಡತಿ ಎಂಬ ಪದವೇ ಇರಲಿಲ್ಲ.

ಮುಂದಿನ ದಿನಗಳಲ್ಲಿ ನಾನು ಉತ್ತರ ಬರೆಸುವುದನ್ನು ಬಿಟ್ಟು ಹಾಜರಾಬಿಯನ್ನೇ ನೋಡುತ್ತ ಕೂತೆ. ಮದುವೆಯಾಗದ ಹುಡುಗರು ಸೈಕಲ್ ಮೇಲೆ ಬಂದು ಸಿಪ್ಪೆ ಒಗೆದರೆ ಅವಳ ಬಳಿ ಬೇರೆ ಮದ್ದಿತ್ತು. ಗಾಳಿಗೆ ಹೇಳಿದಂತೆ ಹೇಳುತ್ತಿದ್ದಳು: "ಹೆಣ್ಣಿನ ಕಡೆಯವರು ಯಾರರ ಕೇಳಿಕೋತ ಬಂದ್ರ, ಈ ಹುಡುಗನ ಕೈ ಭಾಳ ಹೊಲಸು ಅಂತ ಹೇಳೂದೋ ಬ್ಯಾಡೋ?" ಹುಡುಗರು ಹೆಕ್ಕುತ್ತಿದ್ದರು. ಒಮ್ಮೆ ಹೆಂಗಸರೆಲ್ಲ ಸೇರಿ ಅವಳನ್ನೇ ಹಿಡಿದರು: ನಮ್ಮ ಕಡಿಂದ ಎಲ್ಲಾರ ಹೆಸರೂ ಹೇಳಿಸ್ತಿ, ನಿನ್ನ ಗಂಡಂದ ಹೇಳ ನೋಡೂಣು. ಅವಳೂ ಅವನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಸೆರಗು ಸರಿಮಾಡಿಕೊಂಡು ಹಾಡಿದಳು:

"ಹರವ್ಯಾಗಿನ ನೀರು ತಂಪ, ಹೊರಗ ಬಿಸಲ ಕೆಂಡ,
ಸಿಪ್ಪಿ ಒಗಿಯೋರ ಮುಂದ ಮೂಕಬಸವ ನನ್ನ ಗಂಡ,
ಹುಸೇನಸಾಬರ ಬದಲಿ ನಾನ ನಿಂತೇನಿ, ಕಟ್ಟರಿ ದಂಡ!"

ಹುಸೇನಸಾಬ ಅಂದು ಮಧ್ಯಾಹ್ನವೆಲ್ಲ ಮರದ ಹಿಂದೆಯೇ ಇದ್ದ.

ಅವಳ ಶಸ್ತ್ರ ಸೋತದ್ದನ್ನು ಒಂದೇ ಸಲ ಕಂಡೆ. ಪರದೇಶದ ಬಿಳಿಯ ಗಂಡಹೆಂಡಿರು ಬಂದಿದ್ದರು. ಅವಳು ನೀರಿನ ತಂಬಿಗೆಯೊಡನೆ ಮೇಮಸಾಬಳ ಬಳಿ ಹೋಗಿ, ಗಂಡಸಿನ ಕಡೆ ಬೆರಳು ತೋರಿಸಿ, ಕೈಸನ್ನೆಯಲ್ಲಿ ಹೆಸರೇನೆಂದು ಕೇಳಿದಳು. ಆಕೆ ನಕ್ಕು, "ಪೀಟರ್" ಎಂದಳು. ಅಷ್ಟಕ್ಕೇ ಬಿಡದೆ, ಗಂಡ ತಿರುಗಿ ನೋಡಲೆಂದು "ಪೀಟರ್! ಪೀಟರ್!" ಎಂದು ಬಾವಿ ಪ್ರತಿಧ್ವನಿಸುವಂತೆ ಕೂಗಿದಳು. ಸುತ್ತ ಕೂತ ಹೆಂಗಸರು ಕಿವಿ ಮುಚ್ಚಿಕೊಂಡರು. ಆದರೆ ಪೀಟರ್ ಎಂಬ ಆ ಮನುಷ್ಯ ತಾನು ತಿಂದ ಬಾಳೆಹಣ್ಣಿನ ಸಿಪ್ಪೆಯನ್ನು ಮಡಿಸಿ, ತನ್ನ ಬೆನ್ನಚೀಲದಲ್ಲಿ ಇಟ್ಟುಕೊಂಡು, ಎದ್ದು ಹೋದ.

ಹಾಜರಾಬಿ ತಂಬಿಗೆಯ ನೀರನ್ನು ತಿರುಗಿ ಹರವಿಗೆ ಸುರಿದಳು. ಆಮೇಲೆ ನನ್ನನ್ನು ಕೇಳಿದಳು: "ಹೆಸರಿನ ಅಂಜಿಕಿ ಇಲ್ಲದ ದೇಶದಾಗ ಸಿಪ್ಪಿ ತಾನಾಗೆ ಚೀಲಕ್ಕ ಹೆಂಗ ಹೋಗತೈತ್ರಿ? ಅಲ್ಲಿ ಯಾರದರ ಅಂಜಿಕಿ ಇರಬೇಕಲ್ಲ?"

ನಾನು ಎಂ.ಎ. ಆಗಿದ್ದೆ. "ನೋಡಿ ಹೇಳತೀನಿ," ಎಂದೆ. ಇನ್ನೂ ನೋಡುತ್ತಿದ್ದೇನೆ.

ಇಷ್ಟು ಹೊತ್ತಿಗೆ ಆ ಸೋಮವಾರ ಹತ್ತಿರ ಬಂತು. ಅದರ ಹಿಂದಿನ ಭಾನುವಾರ ಗಿರಿಜೆಯನ್ನೂ ಬಬಲೇಶ್ವರದ ಅವಳ ಚಿಗವ್ವ ಕಾಶವ್ವನನ್ನೂ ವಿಜಾಪುರ ತೋರಿಸಲು ಕರೆತರುತ್ತೇನೆಂದು ಒಪ್ಪಿಕೊಂಡಿದ್ದೆ. ಮದುವೆಯಾಗಿ ಮೂರು ತಿಂಗಳಾಗಿತ್ತು. ಅದುವರೆಗೆ ಗಿರಿಜಾ ನನ್ನ ಹೆಸರನ್ನು ಯಾರ ಮುಂದೆಯೂ ಹೇಳಿರಲಿಲ್ಲ. ಹೊಸ್ತಿಲ ಮೇಲೆ ನಮ್ಮ ಮಂದಿ ಎಷ್ಟು ಕೇಳಿದರೂ ನಕ್ಕು ಸುಮ್ಮನಾಗಿದ್ದಳು. ಅದರಿಂದ ನಾನು ಅವಳನ್ನು ಮುಗ್ಧೆ ಎಂದು ತಿಳಿದಿದ್ದೆ.

ಬೆಳಿಗ್ಗೆ ಅವರನ್ನು ಸ್ಟ್ಯಾಂಡಿನಿಂದ ಕರೆತರಲು ಹೋಗಬೇಕಿತ್ತು. ಉಳಿದ ಪ್ರಶ್ನಾವಳಿಗಳನ್ನು ಏನು ಮಾಡುವುದು? ಬಾವಿಯ ದಾರಿಯಲ್ಲಿ ಶೇಂಗಾ ಮಾರುವ ಒಬ್ಬ ಹೆಂಗಸು ಕೂಡುತ್ತಿದ್ದಳು. ಕಟ್ಟನ್ನು ಅವಳ ಬುಟ್ಟಿಯ ಪಕ್ಕದಲ್ಲಿಟ್ಟು, "ಬಂದವರಿಗೆಲ್ಲಾ ಒಂದೊಂದ ಕೊಡವಾ," ಎಂದು ಹೇಳಿ ಹೋದೆ. ಅವಳು "ಆಗಲ್ರಿ" ಎಂದಳು.

ಗುಂಬಜಿನಲ್ಲಿ ಕಾಶವ್ವ ಮೇಲಕ್ಕೆ ಹತ್ತಿದಳಾದರೂ ಕೂಗಲು ಒಪ್ಪಲಿಲ್ಲ. "ಒಂದ ಮಾತ ಆಡಿದ್ರ ಏಳ ಮಾತ ತಿರಗಿ ಬರ್ತಾವಂದ್ರ, ಇದನ್ನ ನೋಡಾಕ ಬಸ್ ಹತ್ತಿ ಯಾಕ ಬರಬೇಕು? ನಮ್ಮನ್ಯಾಗ ನಮ್ಮ ಸೊಸಿ ಅದಾಳಲ್ಲ," ಎಂದಳು. ಅಲ್ಲಿಂದ ಬುತ್ತಿಗಂಟು ಹಿಡಿದು ಬಾವಿಗೆ ಬಂದೆವು. ದಾರಿಯುದ್ದಕ್ಕೂ ನಾನು ಅವರಿಗೆ ಪ್ರವಾಸಿಗರ ಅಜ್ಞಾನದ ಬಗ್ಗೆ ಹೇಳುತ್ತ ಬಂದೆ. ಜನರಿಗೆ ತಿಳಿವಳಿಕೆ ಸಾಲದು, ಓದಿದವರು ತಿದ್ದಬೇಕು, ಇತ್ಯಾದಿ. ಹಸಿದವನ ಮಾತಿಗೆ ಆಗ ಮಿತಿ ಇರಲಿಲ್ಲ.

ಹುಸೇನಸಾಬ ದಂಡೆಯ ಮೇಲೆ, ಎರಡು ಕೆಂಪು ಚುಕ್ಕೆಗಳ ನಡುವೆ, ತಲೆಗೆ ಕೈಯಿಟ್ಟು ಕೂತಿದ್ದ. ಅವನಿಗೆ ಉಬ್ಬಸ. ಬೆಳಗಿನಿಂದ ಮೂರು ಸಲ ಇಳಿದು ಹತ್ತಿ ಉಸಿರು ಸಿಕ್ಕಿಬಿದ್ದಿತ್ತು. ನಾನು ಬಗ್ಗಿ ನೋಡಿದೆ. ನೀರಿನ ಮೇಲೆ ಬಿಳಿಯ ಸಣ್ಣ ಸಣ್ಣ ದೋಣಿಗಳು ತೇಲುತ್ತಿದ್ದವು. ಶಂಖದ ಆಕಾರದ ಶೇಂಗಾ ಪೊಟ್ಟಣಗಳು. ಹಾಜರಾಬಿ ಒಂದನ್ನು ಬಿಚ್ಚಿ ಹಿಡಿದಿದ್ದಳು, ಹನಿ ತೊಟ್ಟಿಕ್ಕುತ್ತಿತ್ತು. ಅವಳಿಗೆ ಓದಲು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು. ಕಸದ ಡಬ್ಬಿ ಇದ್ದಲ್ಲಿ ತಾವು ಅದನ್ನು ಬಳಸುವಿರಾ?

ಓಡಿ ಹೋಗಿ ಶೇಂಗಾದವಳನ್ನು ಕೇಳಿದೆ.

"ಕೊಡು ಅಂದ್ರಿ, ಕೊಟ್ನಿ," ಎಂದಳು ಅವಳು. "ಖಾಲಿ ಹಾಳಿ ಹೆಂಗ ಕೊಡೂದ್ರಿ? ಮನಿಷ್ಯಾರಿಗೆ ಕೊಡೂದಲ್ಲ? ನಾಕ ಕಾಳ ಹಾಕೇ ಕೊಟ್ನಿ."

ನಾನು ತಿರುಗಿ ಬರುವ ಹೊತ್ತಿಗೆ ಹಾಜರಾಬಿ ನೀರಿನ ತಂಬಿಗೆ ತುಂಬಿಕೊಂಡು ನಿಂತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು ಎಂದು ನನ್ನ ನೆನಪು, ಬಿಸಿಲಿಗೂ ಇರಬಹುದು. ಆದರೆ ದನಿ ಎಂದಿನದೇ ಇತ್ತು.

"ಯವ್ವಾ, ಈ ಹಾಳಿ ಹಂಚಿದವರು ಯಾರ ಮನಿಯವರು?"

ಗಿರಿಜಾ ನನ್ನ ಕಡೆ ನೋಡಿದಳು. ನಾನು ವಿವರಿಸತೊಡಗಿದೆ. ಒಗೆದವರು ಪ್ರವಾಸಿಗರು, ಸುತ್ತಿದವಳು ಶೇಂಗಾದವಳು, ಅಚ್ಚು ಹಾಕಿಸಿದವರು ಗುರುಗಳು, ಹೀಗಾಗಿ ಹೊಣೆ ಹಲವರಲ್ಲಿ ಹಂಚಿಹೋಗಿದೆ ಎಂಬ ಅರ್ಥದ ಮಾತು. ಕಾಶವ್ವ ನಡುವೆಯೇ ಕೈ ಎತ್ತಿದಳು.

"ಅಳೇಂದ್ರ, ನೀವ ಸುಮ್ಮನ ಇರ್ರಿ. ನಿಮ್ಮನ್ನ ಯಾರೂ ಕೇಳಿಲ್ಲ. ಹೇಳ ಬೇ ಗಿರಿಜಾ, ಹೆಸರ ಹೇಳ. ಬಬಲೇಶ್ವರದ ಮರ್ಯಾದಿ ಐತಿ."

ಸುತ್ತಲಿನ ಹೆಂಗಸರು ಹತ್ತಿರ ಸರಿದರು. ಗಿರಿಜಾ ಬುತ್ತಿಗಂಟನ್ನು ಕಂಕುಳಲ್ಲಿ ಭದ್ರವಾಗಿ ಹಿಡಿದು, ನೆಲ ನೋಡುತ್ತ, ಮೂರು ತಿಂಗಳು ಒಳಗಿಟ್ಟುಕೊಂಡದ್ದನ್ನು ಹೊರಗೆ ಬಿಟ್ಟಳು:

"ದೊಡ್ಡ ಸಾಲಿ ಕಲತಾರ, ಬಗಲಾಗ ಹಾಳಿ ಕಟ್ಟು,
ಬಾವಿಗೆಲ್ಲಾ ಹಂಚಿ ಬಂದಾರ ತಮ್ಮ ವಿದ್ಯಾದ ಗುಟ್ಟು,
ಗುರುಲಿಂಗಪ್ಪನವರ ಹೆಸರ ಹೇಳಾಕ ನನಗೇನ ಸಿಟ್ಟು?
ಆರಿಸಿ ಬರಲಿ ಮದಲ, ಆಮ್ಯಾಲ ಬಿಚ್ಚತೀನಿ ಬುತ್ತಿಕಟ್ಟು."

ಆಮೇಲೆ ಎದ್ದ ನಗೆ ನನ್ನ ಬೆನ್ನಟ್ಟಿಕೊಂಡು ನಲವತ್ತು ಮೆಟ್ಟಿಲು ಇಳಿಯಿತು. ನಾನು ಮೊಣಕಾಲ ಮಟ್ಟ ನೀರಿಗಿಳಿದು ಆರಿಸತೊಡಗಿದೆ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಇಳಿದು ಬಂದ, ಅವನ ಹಿಂದೆ ಮತ್ತೊಬ್ಬ. ಯಾರೂ ಕರೆದಿರಲಿಲ್ಲ. "ಮ್ಯಾಲ ನಮ್ಮಾಕಿ ಏನೋ ಗುಣಗುಣಸಾಕತ್ತಾಳ್ರಿ," ಎಂದ ಒಬ್ಬ, ಅಂಜಿಕೆಯಿಂದ. ಹೀಗೆ ಒಟ್ಟು ಐದಾರು ಗಂಡಂದಿರು ಸಂಜೆಯವರೆಗೆ ನಿಂತು ಪೊಟ್ಟಣ, ಸಿಪ್ಪೆ, ಎಲೆ, ಕಡ್ಡಿ, ಹಿಂದಿನ ವರ್ಷದ ಚಪ್ಪಲಿ ಒಂದು, ಎಲ್ಲ ತೆಗೆದೆವು. ಕೊನೆಗೆ ನೀರಿನಲ್ಲಿ ಬೇವಿನ ಮರದ ನೆರಳು ಅಲುಗದೆ ಕಂಡ ಮೇಲೆಯೇ ಗಿರಿಜಾ ಬುತ್ತಿ ಬಿಚ್ಚಿದಳು. ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಹಿಂಡಿ. ಶೇಂಗಾ ಕಂಡು ಐದಾರು ಗಂಡಸರೂ ಒಂದು ಕ್ಷಣ ತಡೆದರು.

ಇದು ಕಥೆಯ ನನ್ನ ಪಾಠ. ಗಿರಿಜೆಯ ಪಾಠದಲ್ಲಿ ಒಡಪೇ ಇಲ್ಲ.

"ನಾ ಹೇಳೇ ಇಲ್ಲ," ಎನ್ನುತ್ತಾಳೆ. "ಹೇಳಾಕಂತ ಬಾಯಿ ತಗದಿದ್ದೆ ಅಷ್ಟ. ಅಷ್ಟರಾಗ ನೀವು ಹತ್ತ ಮೆಟ್ಟಲ ಇಳದಿದ್ರಿ. ಆ ಒಡಪು ಆಮ್ಯಾಲ ನೀವ ಕಟ್ಟಿದ್ದು. ಮಂದಿ ಮುಂದ ಹೇಳಿ ಹೇಳಿ ಈಗ ನಂದು ಅಂತ ನಿಮಗ ಖರೇ ಅನಸಾಕತ್ತೈತಿ."

ಇದು ನಿಜವಿದ್ದರೂ ಇರಬಹುದು. 'ವಿದ್ಯಾದ ಗುಟ್ಟು' ಎಂಬ ಮಾತಿನಲ್ಲಿ ನನ್ನದೇ ಕೈ ಕಾಣಿಸುತ್ತದೆ. ಹಾಗಾದರೆ ನನ್ನನ್ನು ಇಳಿಸಿದ್ದು ಒಡಪಲ್ಲ, ಒಡಪಿನ ಮೊದಲಿನ ಉಸಿರು. ಹುಟ್ಟದ ಪದ್ಯಕ್ಕೆ ಹೆದರಿ ಐವತ್ತು ವರ್ಷ ಸಿಪ್ಪೆ ಹೊತ್ತವನು ನಾನೊಬ್ಬನೇ ಇರಬೇಕು.

ವರದಿಯಲ್ಲಿ ನಾನು ಇದ್ದದ್ದನ್ನು ಇದ್ದಂತೆ ಬರೆದೆ: ಫಲಕದಿಂದಾಗದ್ದು, ದಂಡದಿಂದಾಗದ್ದು, ತನ್ನವರೆದುರು ತನ್ನ ಹೆಸರು ಕೆಡುತ್ತದೆಂಬ ಅಂಜಿಕೆಯಿಂದ ಆಗುತ್ತದೆ, ಒಬ್ಬ ಬಗ್ಗಿದರೆ ನೋಡುತ್ತಿದ್ದವರೂ ಬಗ್ಗುತ್ತಾರೆ. ಗುರುಗಳು ಅಂಚಿನಲ್ಲಿ ಕೆಂಪು ಮಸಿಯಿಂದ, "ಭರ್ತಿ ಮಾಡಿದ ಪ್ರಶ್ನಾವಳಿಗಳು ಎಲ್ಲಿ?" ಎಂದು ಬರೆದು ಹಿಂದಿರುಗಿಸಿದರು. ಒಣಗಿಸಿದ್ದನ್ನು ಕಳಿಸಬಹುದಿತ್ತು, ಶೇಂಗಾದ ವಾಸನೆ ಹೋಗಿರಲಿಲ್ಲ. ನನ್ನ ಸಂಶೋಧನೆ ಅಲ್ಲಿಗೆ ಮುಗಿಯಿತು. ಆ ವಾರವೇ ದೂರದ ಊರಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿ ಹೊರಟುಹೋದೆ. ಆ ಭಾನುವಾರ ರಾತ್ರಿಯೇ ವಿಜಾಪುರ ಬಿಟ್ಟಿದ್ದರಿಂದ, ಸೋಮವಾರ ಸಾಹೇಬರು ಬಂದರೋ ಇಲ್ಲವೋ, ಬಂದು ಏನಂದರೋ, ತಿಳಿಯಲಿಲ್ಲ.

ತಿಳಿಯಲಿಲ್ಲ ಎನ್ನುವುದಕ್ಕಿಂತ ತಿಳಿಯಲು ಹೋಗಲಿಲ್ಲ. ಗಿರಿಜಾ ಬಾವಿ ಉಳಿಯಿತು ಎಂದೇ ನಂಬಿದ್ದಳು. ನಾನು ನಂಬಿರಲಿಲ್ಲ. ಒಂದು ದಿನದ ತಿಳಿನೀರಿಗೆ ಸಾಹೇಬರು ತಂದಿಟ್ಟ ಕಬ್ಬಿಣ ಹಿಂದಕ್ಕೆ ಹೋಗುತ್ತದೆಯೇ? ಜಾಳಿಗೆ ಬಿದ್ದಿರುತ್ತದೆ, ಅದಕ್ಕೆ ನನ್ನ ಹಾಳೆಗಳೇ ಕಾರಣ ಎಂದು ಒಳಗೊಳಗೇ ಖಚಿತವಾಗಿ ತಿಳಿದಿದ್ದೆ. ಸಂದೇಹವಾದಿಗೆ ತನ್ನ ತಪ್ಪಿನ ಮೇಲೆ ಮಾತ್ರ ಸಂದೇಹ ಬರುವುದಿಲ್ಲ.

ಇಸ್ತ್ರಿಯವನು ಆ ಚೀಲ ಕೊಟ್ಟ ವಾರದಲ್ಲೇ ನಾವಿಬ್ಬರೂ ವಿಜಾಪುರಕ್ಕೆ ಹೋದೆವು. ಅಥಣಿ ರಸ್ತೆಯ ಎರಡೂ ಬದಿ ಮನೆಗಳೆದ್ದು ದಾರಿಯೇ ಸಿಗಲಿಲ್ಲ. ಕೇಳುತ್ತ ಕೇಳುತ್ತ ಹೋದೆವು. ಬೇವು ಒಂದೇ ಉಳಿದಿತ್ತು. ಫಲಕ ಇರಲಿಲ್ಲ. ಹಾಜರಾಬಿ, ಹುಸೇನಸಾಬ ಇಬ್ಬರ ಬಗ್ಗೆಯೂ ಹೇಳುವವರು ಸಿಗಲಿಲ್ಲ. ಬಾವಿಯ ಮೇಲೆ ಜಾಳಿಗೆ ಇರಲಿಲ್ಲ. ಆದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ. ಹಾಕಿ, ತುಕ್ಕು ಹಿಡಿದು, ಯಾರೋ ಕಿತ್ತು ಮಾರಿರಬಹುದು. ಮೆಟ್ಟಿಲು ಎಣಿಸಲು ಹೋದೆ. ನೀರು ಮೇಲೆ ಬಂದಿತ್ತು, ಕಂಡದ್ದು ಏಳು, ಕೆಳಗಿನವು ನೀರೊಳಗೆ. ಇಬ್ಬರ ಪಕ್ಷವೂ ಹಾಗೇ ಉಳಿಯಿತು.

ಆಮೇಲೆ ನಾನು ದಂಡೆಯ ಬಳಿ ಮಂಡಿಯೂರಿ ಕಲ್ಲಿನ ಮೇಲೆ ಬೆರಳಾಡಿಸತೊಡಗಿದೆ. ಒಂದು ಬದಿ, ಎರಡು ಬದಿ. ಊಟಕ್ಕೆ ಕೂತ ಒಂದು ಸಂಸಾರ ನನ್ನನ್ನೇ ನೋಡುತ್ತಿತ್ತು.

"ಯಜ್ಜಾ, ಏನ ಕಳಕೊಂಡೀರಿ?" ಎಂದು ಆ ಹೆಂಗಸು ಕೂಗಿ ಕೇಳಿದಳು.

"ಏನೂ ಕಳದಿಲ್ಲವಾ," ಎಂದಳು ಗಿರಿಜಾ. "ಇವರು ಹಿಂಗ. ಎಲ್ಲಾ ಮುಟ್ಟಿ ನೋಡಬೇಕು."

ನಾಲ್ಕೂ ಬದಿ ಮುಟ್ಟಿ ನೋಡಿದೆ. ಎರಡನೆಯ ಸಲವೂ ನೋಡಿದೆ. ಕೆಂಪು ಚುಕ್ಕೆಗಳು ಎಂದೋ ಅಳಿಸಿಹೋಗಿವೆ. ಬೋಲ್ಟು ಕೂಡಿಸಲು ಆ ದಂಡೆಯ ಕಲ್ಲಿನಲ್ಲಿ ಯಾರೂ ಒಂದು ತೂತನ್ನೂ ಕೊರೆದಿಲ್ಲ.